ಬಾಯಿ ಅಗಲಿಸಿದರೆ ನಾನು

ನನ್ನ ಗಂಟಲಿನಿಂದ ಸ್ವರ ಹೋಗಿ ಕೆಲವು ವರ್ಷಗಳಾದವು. ಗಡ್ಡೆಯ ಜೊತೆಗೆ ಸ್ವರದ ಪೆಟ್ಟಿಗೆಯನ್ನೂ ತೆಗೆದು, ಉಸಿರಾಡಲು ಕುತ್ತಿಗೆಯಲ್ಲೊಂದು ತೂತು ಮಾಡಿ, ಮಂಗಳೂರಿನ ಡಾಕ್ಟರು ನನ್ನನ್ನು ಮನೆಗೆ ಕಳುಹಿಸಿದರು. ಬದುಕಿ ಉಳಿದೆನಲ್ಲ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಉಜಿರೆಯಲ್ಲಿ ಕಾಲೇಜು ಮಕ್ಕಳಿಗೆ ಊಟದ ಮೆಸ್ ನಡೆಸುವ ಹೆಂಗಸಿಗೆ ಸ್ವರವೇ ಇಲ್ಲದಿದ್ದರೆ ಏನು ಗತಿ ಎಂದು ನೀವೇ ಯೋಚಿಸಿ. ನಾನು ಅಡುಗೆಮನೆಯಿಂದ ಒಂದು ಬೊಬ್ಬೆ ಹಾಕಿದರೆ, ರಸ್ತೆಯಲ್ಲಿ ಧರ್ಮಸ್ಥಳದ ಬಸ್ಸಿಗೆ ಕಾಯುತ್ತಿದ್ದವರೂ ತಿರುಗಿ ನೋಡುತ್ತಿದ್ದ ಕಾಲವೊಂದಿತ್ತು.

ಮೆಸ್ಸಿನ ಕೆಲಸ ಹೇಗೋ ನಡೆಯಿತು. ಬಾಗಿಲ ಬಳಿ ಬಿಳಿ ಹಲಗೆಯೊಂದನ್ನು ತೂಗುಹಾಕಿದೆ. ಸೌಟಿನಿಂದ ಪಾತ್ರೆಗೆ ಬಡಿದರೆ ಅನ್ನ ಬಂತು ಎಂದು ಮಕ್ಕಳು ಕಲಿತರು. ಅಂಗಡಿ, ಬ್ಯಾಂಕು, ಬಸ್ಸುಗಳಲ್ಲಿ ಮೊಬೈಲಿನಲ್ಲಿ ಬರೆದು ತೋರಿಸುತ್ತೇನೆ. ಅವರು ಓದುತ್ತಾರೆ. ಓದಿದ ಮೇಲೆ, ಇವಳಿಗೆ ಕಿವಿಯೂ ಕೇಳಿಸುವುದಿಲ್ಲ ಎಂದುಕೊಂಡು ಕಿರಿಚಿ ಉತ್ತರ ಕೊಡುತ್ತಾರೆ. ‘ಕಿವಿ ಸರಿ ಉಂಟು’ ಎಂದು ಬರೆದು ತೋರಿಸಿದರೆ ಅದಕ್ಕೂ ಕಿರಿಚಿಯೇ ‘ಹೌದಾ’ ಎನ್ನುತ್ತಾರೆ. ಈಗೀಗ ಆ ಮಾತು ಬರೆಯುವುದನ್ನೇ ಬಿಟ್ಟಿದ್ದೇನೆ, ಕಿರಿಚಲಿ.

ಬರೆದು ತೋರಿಸಿ ಪ್ರಯೋಜನವಿಲ್ಲದವಳೆಂದರೆ ನನಗೆ ಒಬ್ಬಳೇ, ನನ್ನ ಅಮ್ಮ. ಅಮ್ಮ ಇರುವುದು ಪೊಳಲಿಯಲ್ಲಿ, ಚಿಕ್ಕಮ್ಮನ ಮನೆಯಲ್ಲಿ. ಅಕ್ಕತಂಗಿಯರಿಬ್ಬರೂ ಬೆಳಗ್ಗೆ ಜಗಳವಾಡಿ ಮಧ್ಯಾಹ್ನ ಒಟ್ಟಿಗೆ ಕುಳಿತು ಊಟ ಮಾಡುತ್ತಾರೆ. ಸಕ್ಕರೆ ಕಾಯಿಲೆ ಅಮ್ಮನ ಎರಡೂ ಕಣ್ಣನ್ನು ತಿಂದಿದೆ. ಶಾಲೆಗೆ ಹೋದವಳಲ್ಲ. ಅವಳ ಭಾಷೆ ತುಳು ಒಂದೇ, ಕನ್ನಡವೆಂದರೆ ಆಫೀಸಿನವರು ಆಡುವುದು. ನಾನು ಪಕ್ಕದಲ್ಲಿ ಕುಳಿತಿದ್ದರೆ ಕೈ ಹಿಡಿದು, ಬೆನ್ನು ಮುಟ್ಟಿ ಹೇಗೋ ಮಾತು ಸಾಗಿಸಬಹುದು. ಆದರೆ ಉಜಿರೆಯಿಂದ ಪೊಳಲಿಗೆ ದಿನಾ ಹೋಗಲಾಗುವುದಿಲ್ಲ. ಸಂಜೆ ಚಹಾ ಕುಡಿದು ಅಮ್ಮನಿಗೆ ಫೋನ್ ಮಾಡುವುದು ಮದುವೆಯಾದಂದಿನಿಂದ ನನ್ನ ಅಭ್ಯಾಸ. ಗಂಡ ತೀರಿಕೊಂಡ ವಾರದಲ್ಲೂ ತಪ್ಪಿಸಿರಲಿಲ್ಲ. ಸ್ವರ ಹೋಯಿತೆಂದು ಅದನ್ನು ನಿಲ್ಲಿಸಲು ನಾನು ತಯಾರಿರಲಿಲ್ಲ.

ಆಗ ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಮ್ ಒಂದು ಸಿಡಿ ಕೊಟ್ಟರು. ಟೈಪ್ ಮಾಡಿದ್ದನ್ನು ಓದಿ ಹೇಳುವ ಪ್ರೋಗ್ರಾಮ್. ಆಗಲೇ ಅದು ಹಳೆಯದು. ಮೂಗಿನಿಂದ ಮಾತಾಡುವ ಒಬ್ಬ ಗಂಡಸಿನ ಸ್ವರ, ನೆಗಡಿಯಾದವನ ಹಾಗೆ. ಮೊದಲ ದಿನ ಲ್ಯಾಪ್‌ಟಾಪಿನ ಮುಂದೆ ಫೋನ್ ಇಟ್ಟು ಅದರಿಂದ ಮಾತಾಡಿಸಿದಾಗ ಅಮ್ಮ ಕೇಳಿದಳು:

“ನಿನ್ನ ಮನೆಯಲ್ಲಿ ಇದು ಯಾರು ಗಂಡಸು?”

(ನಮ್ಮ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೆ.)

ಹಿಂದಿನಿಂದ ಚಿಕ್ಕಮ್ಮ ನಕ್ಕದ್ದು ಕೇಳಿಸಿತು. ಈ ಗಂಡಸೇ ಇನ್ನು ನಿನ್ನ ಮಗಳು ಎಂದು ಅಮ್ಮನಿಗೆ ಅರ್ಥ ಮಾಡಿಸಲು ಚಿಕ್ಕಮ್ಮನಿಗೆ ಒಂದು ವಾರ ಬೇಕಾಯಿತು. ಆಮೇಲೆ ಅಮ್ಮ ಅವನಿಗೆ ಒಗ್ಗಿಕೊಂಡಳು. ಅವನು ಮಾತಾಡಿದರೆ ನನ್ನನ್ನು ಕರೆಯುವ ಹಾಗೆ ‘ಮಗಾ’ ಎಂದು ಕರೆದೇ ಉತ್ತರ ಕೊಡುತ್ತಿದ್ದಳು.

ಆ ಪ್ರೋಗ್ರಾಮಿನಲ್ಲಿ ಒಂದು ಒಳ್ಳೆಯ ಗುಣವಿತ್ತು. ಯಾವ ಪದವನ್ನು ಹೇಗೆ ಉಚ್ಚರಿಸಬೇಕು ಎಂದು ಅದಕ್ಕೆ ಕಲಿಸಬಹುದಿತ್ತು. ಒಂದು ಕಡೆ ಪದ, ಇನ್ನೊಂದು ಕಡೆ ಅದರ ಸದ್ದು. ಇದು ನನಗೆ ಯಾಕೆ ಬೇಕಾಯಿತೆಂದರೆ, ತುಳುವನ್ನು ಕನ್ನಡ ಅಕ್ಷರದಲ್ಲಿ ಬರೆದರೆ ಅದರ ಅರ್ಧ ಜೀವ ಹೋಗುತ್ತದೆ. ಪದದ ಕೊನೆಗೆ ಬರುವ ಅರ್ಧ ಉ, ತುಟಿ ದುಂಡಗೆ ಮಾಡದೆ ಹೇಳುವಂಥದ್ದು, ನಮ್ಮ ಕಾಗುಣಿತದಲ್ಲಿ ಇಲ್ಲ. ಅದಕ್ಕಿಂತ ಫಜೀತಿ ಕೊನೆಯ ಎ. ‘ಬರ್ಪೆ’ ಎಂಬ ಪದವನ್ನೇ ತೆಗೆದುಕೊಳ್ಳಿ. ಬಾಯಿ ಅಗಲಿಸಿ, ‘ಬ್ಯಾಂಕು’ ಎನ್ನುವಾಗ ಬರುವ ಸ್ವರವನ್ನು ಗಿಡ್ಡ ಮಾಡಿ ಹೇಳಿದರೆ ‘ನಾನು ಬರುತ್ತೇನೆ’ ಎಂದರ್ಥ. ಬಾಯಿ ಕಿರಿದು ಮಾಡಿ, ಕನ್ನಡದ ಎ ಹೇಳಿದ ಹಾಗೆ ಹೇಳಿದರೆ ‘ಅವನು ಬರುತ್ತಾನೆ’ ಎಂದರ್ಥ. ಹೋಗುವುದು, ತಿನ್ನುವುದು, ಮಾಡುವುದು, ಎಲ್ಲದಕ್ಕೂ ಹೀಗೆಯೇ. ಬರೆಯುವಾಗ ಎರಡೂ ಒಂದೇ. ತುಳುವರು ಯಾರೂ ಮಾತಾಡುವಾಗ ಇದನ್ನು ತಪ್ಪುವುದಿಲ್ಲ. ಬಾಯಿ ಅಗಲವಾದರೆ ನಾನು, ಕಿರಿದಾದರೆ ಅವನು.

ಹಾಗಾಗಿ ನನ್ನ ಬಗ್ಗೆ ಹೇಳುವ ಪ್ರತಿ ಮಾತಿನ ಕೊನೆಗೂ ಇನ್ನೊಂದು ಎ ಸೇರಿಸಿ ಟೈಪ್ ಮಾಡುತ್ತಿದ್ದೆ. ಅಂಥದ್ದು ಕಂಡರೆ ಬಾಯಿ ಅಗಲಿಸು ಎಂದು ಪ್ರೋಗ್ರಾಮಿಗೆ ಕಲಿಸಿದ್ದೆ. ಪದ ಒಂದೊಂದನ್ನೂ ಹೀಗೆ ಕಲಿಸುತ್ತಾ ಹೋಗಿ, ಕಡೆಗೆ ಆ ನೆಗಡಿಯ ಗಂಡಸು ಬಂಟ್ವಾಳ ಪೇಟೆಯಲ್ಲೇ ಹುಟ್ಟಿ ಬೆಳೆದವನ ಹಾಗೆ ತುಳು ಮಾತಾಡುತ್ತಿದ್ದ. ನನಗೆ ಹೆಮ್ಮೆಯಿತ್ತು, ಯಾಕೆ ಸುಳ್ಳು ಹೇಳಲಿ.

ಲ್ಯಾಪ್‌ಟಾಪು ದಿನಾ ಒಂದು ಸಂದೇಶ ತೋರಿಸಿ ಪೀಡಿಸುತ್ತಿತ್ತು. ಹೊಸ ಆವೃತ್ತಿ ಬಂದಿದೆ, ಈಗ ಹಾಕಲೇ, ನಂತರ ಹಾಕಲೇ? ನಾನು ದಿನಾ ‘ನಂತರ’ ಒತ್ತುತ್ತಿದ್ದೆ. ಪ್ಲೇಟು ತೊಳೆಯುವ ಕೈಯಲ್ಲೇ ಒತ್ತುತ್ತಿದ್ದೆ. ಆಮೇಲೆ ಬ್ಯಾಟರಿ ಸತ್ತಿತು. ಬೆಳ್ತಂಗಡಿಯ ಕಂಪ್ಯೂಟರ್ ಅಂಗಡಿಗೆ ಕೊಟ್ಟುಬಂದೆ. ಅಂಗಡಿಯವನು ನನ್ನದೇ ವಯಸ್ಸಿನವನು, ಒಳ್ಳೆಯ ಮನುಷ್ಯ, ಅದೇ ತೊಂದರೆ.

“ಅಕ್ಕಾ, ಬ್ಯಾಟರಿ ಹಾಕಿದ್ದೇನೆ,” ಎಂದ ನಾನು ತರಲು ಹೋದಾಗ. “ಮತ್ತೆ ಅದು ಅಪ್‌ಡೇಟ್ ಅಪ್‌ಡೇಟ್ ಅಂತ ಬೊಬ್ಬೆ ಹಾಕ್ತಾ ಇತ್ತು. ಎಲ್ಲ ಹೊಸದು ಮಾಡಿ ಕೊಟ್ಟಿದ್ದೇನೆ. ಅದಕ್ಕೆ ನೀವು ಎಂತದೂ ಕೊಡ್ಲಿಕ್ಕಿಲ್ಲ.”

ನಾನು ಕೈಮುಗಿದು ಬಂದೆ. ಹೌದು, ಕೈಮುಗಿದೆ.

ಮನೆಗೆ ಬಂದು ತೆರೆದರೆ ಪರದೆ ಹೊಸ ಮದುಮಗಳ ಹಾಗೆ ಮಿಂಚುತ್ತಿತ್ತು. ನನ್ನ ಪ್ರೋಗ್ರಾಮಿನ ಚಿತ್ರ ಅದರ ಜಾಗದಲ್ಲೇ ಇತ್ತು. ಒತ್ತಿದರೆ, ಇದು ಈ ಕಂಪ್ಯೂಟರಿನಲ್ಲಿ ನಡೆಯುವುದಿಲ್ಲ ಎಂಬ ಒಂದು ಸಾಲು. ಇನ್ನೊಮ್ಮೆ ಒತ್ತಿದೆ, ಅದೇ ಸಾಲು. ಮೆಸೇಜ್ ಮಾಡಿದೆ. ಅಂಗಡಿಯವ ಬೇಸರವೇ ಇಲ್ಲದೆ ಉತ್ತರ ಕಳುಹಿಸಿದ: ಅದು ಓಬೀರಾಯನ ಕಾಲದ್ದು ಅಕ್ಕ, ಬಿಡಿ, ಈಗ ಹೊಸತರಲ್ಲೇ ಕನ್ನಡ ಸ್ವರ ಉಂಟು, ಹೆಂಗಸಿನದ್ದು.

ನಿಜ ಹೇಳುತ್ತೇನೆ, ಆ ಹೊಸ ಸ್ವರ ನನಗೆ ಇಷ್ಟವೇ ಆಯಿತು. ಹೆಂಗಸಿನ ಸ್ವರ, ಮೃದು, ಸ್ಪಷ್ಟ. ಟಿವಿಯಲ್ಲಿ ವಾರ್ತೆ ಓದುವವರ ಹಾಗೆ. ಮೆಸ್ಸಿನ ಮಕ್ಕಳಿಗೆ ಅದರಿಂದ ‘ಇವತ್ತು ಪಲ್ಯ ಬಿಡುವವರಿಗೆ ನಾಳೆ ಮೊಟ್ಟೆ ಇಲ್ಲ’ ಎಂದು ಹೇಳಿಸಿದೆ. ಚಪ್ಪಾಳೆ ಹೊಡೆದರು. ಇಷ್ಟು ವರ್ಷ ಗಂಡಸಿನ ಸ್ವರದಲ್ಲಿ ಬದುಕಿದವಳಿಗೆ ಅದೊಂದು ಸುಖವಾಗಿತ್ತು.

ಅಮ್ಮನಿಗೆ ಮಾತ್ರ ಅವಳು ಹಿಡಿಸಲಿಲ್ಲ. “ಆ ಮೂಗಿನವ ಎಲ್ಲಿ ಹೋದ? ಈ ಟೀಚರು ಯಾರು?” ಎಂದು ಕೇಳಿದಳು. ತುಳು ಬರೆದುಕೊಟ್ಟರೆ ಹೊಸಬಳು ಅದನ್ನು ಕನ್ನಡವೆಂದೇ ಓದುತ್ತಿದ್ದಳು. ‘ಒಣಸ್ ಆಂಡಾ’, ಊಟ ಆಯಿತೇ ಎಂದು ಕೇಳಿಸಿದರೆ ‘ಒಣಸ್’ ಎಂಬುದರ ಬಾಲ ಕತ್ತರಿಸಿ ಎಸೆಯುತ್ತಿದ್ದಳು. ಅವಳಿಗೆ ಏನನ್ನೂ ಕಲಿಸಲು ಸಾಧ್ಯವಿರಲಿಲ್ಲ. ಕಲಿಸುವ ಕಿಟಕಿಯೇ ಇಲ್ಲ. ಅಮ್ಮ ಅಂದಾಜಿನ ಮೇಲೆ ಉತ್ತರ ಕೊಡುತ್ತಿದ್ದಳು. ನಾನೂ, ಸ್ವಲ್ಪ ದಿನದಲ್ಲಿ ಒಗ್ಗಿಕೊಳ್ಳುತ್ತಾಳೆ ಎಂದುಕೊಂಡೆ. ಹೀಗೆ ಕೆಲವು ವಾರ ಹೋಯಿತು.

ಪರೀಕ್ಷೆ ಮುಗಿದು ಮಕ್ಕಳು ಊರಿಗೆ ಹೊರಟರು. ಮೆಸ್ಸಿಗೆ ರಜೆ. ಸಾಮಾನ್ಯವಾಗಿ ನಾನು ಭಾನುವಾರ ಮಾತ್ರ ಪೊಳಲಿಗೆ ಹೋಗುವವಳು, ಹೇಳದೆಯೇ ಹೋಗುತ್ತೇನೆ. ಅಂದು ವಾರದ ನಡುವೆ ಬಿಡುವು ಸಿಕ್ಕಿದ ಖುಷಿಯಲ್ಲಿ ಸಂಜೆಯ ಫೋನಿನಲ್ಲಿ ಟೈಪ್ ಮಾಡಿದೆ, ‘ಎಲ್ಲೆ ಬರ್ಪೆ.’ ನಾಳೆ ಬರುತ್ತೇನೆ. ಹೊಸಬಳು ಚಂದವಾಗಿ ಓದಿದಳು.

“ಸತ್ಯವಾ?” ಎಂದಳು ಅಮ್ಮ.

ಹೌದು ಎಂದು ಒತ್ತಿದೆ.

“ಯಾವ ಹೊತ್ತಿಗೆ?”

ಮಧ್ಯಾಹ್ನದ ಊಟಕ್ಕೆ ಎಂದೆ. ಅಮ್ಮ ಮತ್ತೇನೂ ಕೇಳಲಿಲ್ಲ, ಚಿಕ್ಕಮ್ಮನನ್ನು ಕರೆಯುತ್ತಾ ಫೋನ್ ಇಟ್ಟಳು. ನನ್ನ ಬರವಿಗೆ ಇಷ್ಟು ಗಡಿಬಿಡಿಯೇ ಎಂದು ನಾನು ಒಬ್ಬಳೇ ನಕ್ಕೆ.

ಮರುದಿನ ಬಿ.ಸಿ. ರೋಡಿನಲ್ಲಿ ಬಸ್ಸು ಬದಲಿಸಿ ಪೊಳಲಿಯಲ್ಲಿ ಇಳಿದೆ. ಚಿಕ್ಕಮ್ಮನ ಮನೆಯ ಗೇಟಿನ ಹತ್ತಿರ ಬರುವಾಗಲೇ ಒಗ್ಗರಣೆಯ ಪರಿಮಳ ಹೊಡೆಯಿತು. ಮರುವಾಯಿ, ಹೊಳೆಯ ಚಿಪ್ಪುಮೀನು. ತೆಂಗಿನಕಾಯಿ ಹಾಕಿ ಸುಕ್ಕ ಮಾಡಿದ್ದರು. ನನ್ನ ಕಾಲು ಅಲ್ಲೇ ನಿಂತಿತು. ಮರುವಾಯಿ ತಿಂದರೆ ನನಗೆ ಮೈಯೆಲ್ಲ ತುರಿಕೆ ಏಳುತ್ತದೆ. ಚಿಕ್ಕಂದಿನಲ್ಲಿ ಒಮ್ಮೆ ತಿಂದು ಆಸ್ಪತ್ರೆ ಸೇರಿದ್ದೆ. ಅಮ್ಮನಿಗೆ ಅದು ಚೆನ್ನಾಗಿ ಗೊತ್ತು. ನಮ್ಮ ಮನೆಯಲ್ಲಿ ಮರುವಾಯಿಗೆ ಪ್ರಾಣ ಬಿಡುವವನು ಒಬ್ಬನೇ, ನನ್ನ ತಮ್ಮ.

ತಮ್ಮ ಗಲ್ಫಿನಲ್ಲಿದ್ದಾನೆ. ಊರಿಗೆ ಬರದೆ ವರ್ಷಗಳಾದವು. ಒಮ್ಮೆ ರಜೆ ಇಲ್ಲ, ಒಮ್ಮೆ ಕಂಪೆನಿ ಬದಲಾಯಿತು, ಒಮ್ಮೆ ಟಿಕೆಟು ಸಿಗಲಿಲ್ಲ. ಕಳೆದ ಸಲ ಬಂದಾಗ ಅಮ್ಮನಿಗೆ ಹೇಳದೆ ನನಗೊಬ್ಬಳಿಗೇ ಹೇಳಿ ಬಂದು, ಹಿಂದಿನಿಂದ ಅಮ್ಮನ ಕಣ್ಣು ಮುಚ್ಚಿ ಅಳಿಸಿದ್ದ. ಆಗ ಅವಳಿಗೆ ಅಷ್ಟಿಷ್ಟು ಕಾಣಿಸುತ್ತಿತ್ತು.

ಅಮ್ಮ ಜಗಲಿಯಲ್ಲಿ ಕುಳಿತಿದ್ದಳು. ಒಳ್ಳೆಯ ಸೀರೆ ಉಟ್ಟು, ತಲೆ ಬಾಚಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು. ಪಕ್ಕದ ಮನೆಯ ಹೆಂಗಸೂ ಬಂದು ನಿಂತಿದ್ದಳು. ನನ್ನ ಚಪ್ಪಲಿಯ ಸದ್ದು ಅಮ್ಮನಿಗೆ ಗೊತ್ತು. ಮುಖ ಎತ್ತಿ, ನನ್ನ ಹಿಂದಿನಿಂದ ಇನ್ನೊಂದು ಹೆಜ್ಜೆ ಕೇಳಿಸಬಹುದೆಂದು ಕಾದಳು.

“ನೀನು ಒಬ್ಬಳೇಯಾ?” ಎಂದು ಕೇಳಿದಳು. “ಅವನು ಎಲ್ಲಿ?”

ನನ್ನಲ್ಲಿ ಉತ್ತರ ಇತ್ತು, ಹೇಳುವ ಬಾಯಿ ಇರಲಿಲ್ಲ. ಮೊಬೈಲಿನಲ್ಲಿ ಬರೆದು ಚಿಕ್ಕಮ್ಮನ ಕೈಗೆ ಕೊಟ್ಟೆ. ಚಿಕ್ಕಮ್ಮ ಓದಿದಳು, ನನ್ನ ಮುಖ ನೋಡಿದಳು, ಆಮೇಲೆ ಅಮ್ಮನ ಪಕ್ಕದಲ್ಲಿ ಕುಳಿತು ಮೆಲ್ಲ ಹೇಳಿದಳು, “ಅವನಲ್ಲ ಅಕ್ಕ. ಇವಳು ತಾನೇ ಬರ್ತೇನೆ ಅಂತ ಹೇಳಿದ್ದಂತೆ.”

ಅಮ್ಮನ ಮುಖ ಇಳಿದದ್ದನ್ನು ನಾನು ನೋಡಿದೆ. ತನ್ನ ಮುಖವನ್ನು ಬೇರೆಯವರು ನೋಡುತ್ತಿದ್ದಾರೆ ಎಂಬುದು ಕಣ್ಣಿಲ್ಲದವರಿಗೆ ಮರೆತುಹೋಗುತ್ತದೆ. ಅಮ್ಮ ಅದನ್ನು ಅಡಗಿಸಿಕೊಳ್ಳಲಿಲ್ಲ.

“ಆ ಹೊಸ ಹೆಂಗಸಿಗೆ ಬಾಯಿ ಅಗಲ ಮಾಡ್ಲಿಕ್ಕೆ ಗೊತ್ತಿಲ್ಲ,” ಎಂದಳು. “ಅವನು ಬರ್ತಾನೆ ಅಂತಲೇ ಹೇಳಿದ್ದು ಅವಳು.” ನಂತರ ನನ್ನ ಕೈ ಹುಡುಕಿ ಹಿಡಿದು, “ನೀನು ಬಂದದ್ದು ಒಳ್ಳೆದಾಯ್ತು ಮಗಾ, ನಿನಗೆ ಮೊಟ್ಟೆ ಬೇಯಿಸ್ಲಿಕ್ಕೆ ಹೇಳ್ತೇನೆ,” ಎಂದಳು.

ಮೊಟ್ಟೆ ತಿಂದೆ. ಎದುರಿಗೆ ಮರುವಾಯಿಯ ಪಾತ್ರೆ ತುಂಬಿತ್ತು. ಪಕ್ಕದ ಮನೆಯವಳು ಒಂದು ಬಟ್ಟಲು ಒಯ್ದಳು. ನನಗೆ ಹೊಟ್ಟೆ ಉರಿಯುತ್ತಿತ್ತು, ತಮ್ಮನ ಮೇಲೆ, ಅಮ್ಮನ ಮೇಲೆ, ಆ ಮೃದು ಸ್ವರದ ಹೆಂಗಸಿನ ಮೇಲೆ, ಎಲ್ಲರ ಮೇಲೂ. ಪ್ರತಿದಿನ ಫೋನ್ ಮಾಡುವವಳು ನಾನು, ಭಾನುವಾರ ಬಸ್ಸು ಹತ್ತಿ ಬರುವವಳು ನಾನು. ಆ ‘ನಾನು’ ಎಂಬುದನ್ನೇ ಕಂಪ್ಯೂಟರು ನುಂಗಿ, ನನ್ನ ಬಾಯಿಂದ ಅವನ ಹೆಸರಿನಲ್ಲಿ ಮಾತು ಕೊಡಿಸಿತ್ತು. ವಾಪಸು ಬಸ್ಸಿನಲ್ಲಿ ಕುಳಿತಾಗಲೇ ತೀರ್ಮಾನ ಮಾಡಿದೆ. ಆ ಮೂಗಿನ ಗಂಡಸನ್ನು ಎಲ್ಲಿದ್ದರೂ ಎಳೆದು ತರುವುದು.

ಬೆಳ್ತಂಗಡಿಯ ಅಂಗಡಿಗೆ ಹೋಗಿ ಸಿಡಿಯನ್ನು ಮೇಜಿನ ಮೇಲೆ ಇಟ್ಟೆ. ನಡೆದದ್ದನ್ನೆಲ್ಲ ಮೊಬೈಲಿನಲ್ಲಿ ಮೊದಲೇ ಉದ್ದಕ್ಕೆ ಬರೆದು ತಂದಿದ್ದೆ. ಅಂಗಡಿಯವ ಓದಿ ತಲೆ ಕೆರೆದುಕೊಂಡ. ಅವನಿಗೆ ನಿಜವಾಗಿ ಪಶ್ಚಾತ್ತಾಪವಾಯಿತು.

“ಮೆಸೇಜ್ ಮಾಡಿದಾಗಲೇ ಇದೇ ಬೇಕು ಅಂತ ಹೇಳಿದ್ದರೆ ಹಳೆಯದಕ್ಕೇ ವಾಪಸ್ ಹೋಗಬಹುದಿತ್ತು ಅಕ್ಕ. ಹಳೆಯದನ್ನೆಲ್ಲ ಅದು ಒಂದು ಫೋಲ್ಡರಿನಲ್ಲಿ ಕೆಲವು ದಿನ ಇಟ್ಟಿರ್ತದೆ. ಮತ್ತೆ ತನ್ನಷ್ಟಕ್ಕೆ ಅಳಿಸಿ ಹಾಕ್ತದೆ. ಈಗ ಹೋಗಿ ಆಯ್ತು.”

‘ನಾನು ಕಲಿಸಿದ ಪದಗಳು?’ ಎಂದು ಬರೆದೆ.

“ಅದೂ ಅದರೊಳಗೇ ಇದ್ದದ್ದು.”

ನಾನು ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ವರ್ಷಗಟ್ಟಲೆ ಒಂದೊಂದಾಗಿ ಕಲಿಸಿದ್ದು. ಅಳು ಬಂತು. ನನ್ನ ಅಳುವಿಗೂ ಸದ್ದಿಲ್ಲ, ಕುತ್ತಿಗೆಯ ತೂತಿನಿಂದ ಬುಸ್ ಬುಸ್ ಎಂದು ಗಾಳಿ ಬರುತ್ತದೆ, ಅಷ್ಟೆ. ಅಂಗಡಿಯವ ಹೆದರಿ ನೀರು ತಂದುಕೊಟ್ಟ. ಕುಡಿದು, ಮುಖ ಒರೆಸಿ, ‘ಪದ ಇನ್ನೊಮ್ಮೆ ಕಲಿಸುತ್ತೇನೆ. ನೀನು ಪ್ರೋಗ್ರಾಮ್ ಓಡಿಸು’ ಎಂದು ಬರೆದುಕೊಟ್ಟೆ.

ಅವನು ಹಿಂದೆ ಸರಿಯಲಿಲ್ಲ. ಹಳೆಯ ಕಾಲದ ಹಾಗೆ ನಡೆಸು ಎಂದು ಹೊಸ ಕಂಪ್ಯೂಟರಿಗೆ ಹೇಳುವ ಒಂದು ಉಪಾಯವಿತ್ತು, ಅದನ್ನು ಮಾಡಿದ. ಪ್ರೋಗ್ರಾಮ್ ತೆರೆಯಿತು. ಟೈಪ್ ಮಾಡಿದರೆ ಅಕ್ಷರ ಮೂಡಿತು. ಸ್ವರ ಮಾತ್ರ ಬರಲಿಲ್ಲ. ನನ್ನದೇ ಅವಸ್ಥೆ ಅದಕ್ಕೂ, ಎಂದು ನಾನು ಬರೆದು ತೋರಿಸಿದಾಗ ಪಾಪ, ನಗಬೇಕೋ ಬಾರದೋ ಅವನಿಗೆ ತಿಳಿಯಲಿಲ್ಲ. ಇನ್ನೊಂದು ದಿನ ಕಂಪ್ಯೂಟರಿನ ಒಳಗೇ ಇನ್ನೊಂದು ಹಳೆಯ ಕಂಪ್ಯೂಟರ್ ಇದೆಯೆಂದು ನಂಬಿಸುವ ಏನೋ ಒಂದನ್ನು ಹಾಕಿದ. ಆಗ ಗಂಡಸು ಬಾಯಿಬಿಟ್ಟ. ಆದರೆ ಬಿಕ್ಕಳಿಕೆ. ಒಂದು ಪದ ಹೇಳಿ ನಿಂತು, ಉಸಿರೆಳೆದು, ಅರ್ಧ ನುಂಗಿ. ಅದರಲ್ಲಿ ಅಗಲ ಯಾವುದು, ಕಿರಿದು ಯಾವುದು ಎಂದು ದೇವರಿಗೂ ತಿಳಿಯದು.

“ಒಂದು ಮಾತು ಹೇಳ್ತೇನೆ, ಬೇಸರ ಮಾಡಬೇಡಿ,” ಎಂದ ಅಂಗಡಿಯವ. ಅವನೂ ತುಳುವನೇ. “ಈ ಹೊಸ ಸ್ವರದಲ್ಲೇ ‘ಯಾನ್’ ಅಂತ ಮೊದಲು ಸೇರಿಸಿದ್ರೆ ಆಯ್ತಲ್ಲ? ‘ಯಾನ್ ಬರ್ಪೆ’, ನಾನು ಬರ್ತೇನೆ. ಮತ್ತೆ ಯಾರಿಗೂ ಗೊಂದಲ ಇಲ್ಲ.”

ಸರಿಯಾದ ಮಾತೇ. ಅದನ್ನೂ ಮಾಡಿ ನೋಡಿದೆ. ಸಂಜೆ ಫೋನಿನಲ್ಲಿ ಯಾನ್ ಉಂಡೆ, ಯಾನ್ ಮಲಗಿದೆ, ಯಾನ್ ಪೇಟೆಗೆ ಹೋದೆ. ಕೋರ್ಟಿನಲ್ಲಿ ಸಾಕ್ಷಿ ಹೇಳಿದ ಹಾಗೆ ಇತ್ತು. ಹೆತ್ತ ತಾಯಿಯ ಹತ್ತಿರ ಮಾತುಮಾತಿಗೂ ನಾನು ನಾನು ಎಂದು ಯಾರು ಹೇಳುತ್ತಾರೆ? ಎರಡು ಮೂರು ದಿನ ತಡೆದುಕೊಂಡು ಅಮ್ಮನೇ ಕೇಳಿದಳು: “ಎಂತ ಮಗಾ, ನನ್ನ ಹತ್ರ ಕೋಪವಾ?” ಆ ಉಪಾಯವನ್ನು ಅಲ್ಲಿಗೇ ಬಿಟ್ಟೆ.

ಚಿಕ್ಕಮ್ಮ ಕೂಡ ಫೋನಿನಲ್ಲಿ ಬುದ್ಧಿ ಹೇಳಿದಳು. “ಒಂದು ಅಕ್ಷರಕ್ಕೆ ಎಂತಕ್ಕೆ ಇಷ್ಟು ಹಟ? ಬರುವುದು ನೀನೇ ಅಂತ ಇನ್ನು ಮೇಲೆ ಅವಳಿಗೆ ಗೊತ್ತಾಗ್ತದೆ ಬಿಡು.” ಗೊತ್ತಾಗುತ್ತದೆ, ಖಂಡಿತ. ನಾನು ಯಾವ ಮಾತು ಹೇಳಿದರೂ ಮೊದಲು ಅವನ ಸುದ್ದಿ ಎಂದು ಅಮ್ಮನ ಎದೆ ಹಾರಿ, ಆಮೇಲೆ ಇವಳದ್ದೇ ಎಂದು ಗೊತ್ತಾಗುತ್ತದೆ. ಅಂಥ ಮಗಳಾಗಿರಲು ನನಗೆ ಮನಸ್ಸಿರಲಿಲ್ಲ. ಚಿಕ್ಕಮ್ಮನಿಗೆ ಉತ್ತರ ಕೊಡದೆ ಫೋನ್ ಇಟ್ಟೆ.

ಕಡೆಗೆ ದಾರಿ ತೋರಿಸಿದವನು ಅಂಗಡಿಯವನೇ. ಮೂಡುಬಿದಿರೆಯಲ್ಲಿ ಮೊದಲು ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ ಒಬ್ಬರಿದ್ದಾರೆ, ಕ್ಲಾಸು ಮುಚ್ಚಿದ ಮೇಲೂ ಹಳೆಯ ಯಂತ್ರಗಳನ್ನು ಗುಜರಿಗೆ ಹಾಕದೆ ಮಾಳಿಗೆಯಲ್ಲಿ ಇಟ್ಟುಕೊಂಡಿದ್ದಾರೆ, ಒಂದಾದರೂ ಜೀವ ಇರುವಂಥದ್ದು ಸಿಗಬಹುದು ಎಂದ. ಮರುದಿನವೇ ಗುರುವಾಯನಕೆರೆ, ವೇಣೂರು ದಾಟಿ ಮೂಡುಬಿದಿರೆಗೆ ಹೋದೆ. ಕ್ಲಾಸಿನ ಮನುಷ್ಯ ನನ್ನ ಬರಹ ಓದಿ, ಎಲ್ಲರ ಹಾಗೆ ಕಿರಿಚತೊಡಗಿದರು.

“ಇದ್ದಾವೆ! ಮೇಲೆ ಉಂಟು! ಬನ್ನಿ!”

ಕೆಳಗಿನ ಬೇಕರಿಯವರೂ ಮೇಲೆ ನೋಡಿದರು. ಮಾಳಿಗೆಯಲ್ಲಿ ಧೂಳು ಹಿಡಿದ ಪೆಟ್ಟಿಗೆಗಳು ಒಂದರ ಮೇಲೊಂದು. ಕೆಲವು ಕರೆಂಟು ಕೊಟ್ಟರೂ ಉಸಿರಾಡಲಿಲ್ಲ. ಒಂದು ಕೀಂ ಎಂದು ಕೂಗಿ ನಿಂತಿತು. ಕಿಟಕಿಯ ಬಳಿ ಇದ್ದದ್ದು ಬಹಳ ಹೊತ್ತು ಯೋಚಿಸಿ, ಎದ್ದು ಕುಳಿತಿತು. ಪರದೆಯ ಮೇಲೆ ನನ್ನ ಹಳೆಯ ಲ್ಯಾಪ್‌ಟಾಪಿಗಿಂತಲೂ ಹಳೆಯ ಕಾಲದ ಚಿತ್ರಗಳು. ನಾನು ಚೀಲದಿಂದ ಸಿಡಿ ತೆಗೆದು ಕೊಟ್ಟೆ. ಅದು ಒಳಗೆ ಹೋಗಿ ತಿರುಗುವ ಸದ್ದು ಕೇಳಿಸಿತು. ಹಾಕಿ ಮುಗಿದ ಮೇಲೆ ನಾನೇ ಕುರ್ಚಿ ಎಳೆದುಕೊಂಡು ಒಂದು ಮಾತು ಟೈಪ್ ಮಾಡಿ ಒತ್ತಿದೆ.

“ನನಗೆ ಕಿವಿ ಕೇಳಿಸುತ್ತದೆ,” ಎಂದ ಮೂಗಿನ ಗಂಡಸು, ಸ್ಪಷ್ಟವಾಗಿ, ಬಿಕ್ಕಳಿಕೆ ಇಲ್ಲದೆ.

ಕ್ಲಾಸಿನ ಮನುಷ್ಯ ನಗುತ್ತಾ ಕಿವಿ ಹಿಡಿದುಕೊಂಡರು. ಆಮೇಲೆ ಮೆಲ್ಲನೆ ಮಾತಾಡಿದರು. ಇದಕ್ಕೆ ಇಂಟರ್ನೆಟ್ ಕೊಡಬೇಡಿ, ಹೊಸದು ಯಾವುದನ್ನೂ ತೋರಿಸಬೇಡಿ, ಇದನ್ನು ಇದರಷ್ಟಕ್ಕೆ ಬಿಡಿ ಎಂದು ಹೇಳಿ, ನಾನು ಕಲಿಸುವುದನ್ನು ಆಗಾಗ ಪೆನ್‌ಡ್ರೈವಿಗೂ ತೆಗೆದಿಟ್ಟುಕೊಳ್ಳಲು ತೋರಿಸಿಕೊಟ್ಟರು. ಈ ಸಲ ಅದನ್ನು ಸರಿಯಾಗಿ ಕಲಿತೆ. ಪೆಟ್ಟಿಗೆಯನ್ನು ತೊಡೆಯ ಮೇಲೆ, ಪರದೆಯನ್ನು ಕಾಲಿನ ನಡುವೆ ಇಟ್ಟುಕೊಂಡು ಬಸ್ಸಿನಲ್ಲಿ ಉಜಿರೆಗೆ ಬಂದೆ. ವೇಣೂರಿನಲ್ಲಿ ಹತ್ತಿದವಳೊಬ್ಬಳು ಇದು ಎಂತದ್ದು ಎಂದು ಕಿರಿಚಿ ಕೇಳಿದಳು. ಕೋಪ ಕೂಡ ಬರಲಿಲ್ಲ.

ಆ ಮೇಲೆ ನಡೆದದ್ದು ಬರೀ ದುಡಿತ. ಹೊಸ ಯಂತ್ರಕ್ಕೆ, ಅಂದರೆ ಹಳೆಯದಕ್ಕೆ, ಅನ್ನ ಎಂಬುದರಿಂದ ಹಿಡಿದು ಎಲ್ಲವನ್ನೂ ಇನ್ನೊಮ್ಮೆ ಕಲಿಸಬೇಕು. ಹಿಂದಿನ ಸಲ ನನ್ನ ಕಿವಿಯ ಅಂದಾಜಿನ ಮೇಲೆ ಕಲಿಸಿದ್ದೆ. ಈ ಸಲ ಅಮ್ಮನನ್ನೇ ಮೇಷ್ಟ್ರು ಮಾಡಿದೆ. ಬೆಳಗಿನ ತಿಂಡಿ ಮುಗಿದು ಪಾತ್ರೆ ತೊಳೆದಾದ ಮೇಲೆ ಫೋನ್ ಮಾಡುತ್ತಿದ್ದೆ. ಒಂದು ಪದ ಹೇಳಿಸುವುದು, ಅಮ್ಮ ತಿದ್ದುವುದು.

“ಇನ್ನೂ ಅಗಲ. ಹಾಂ. ಅಷ್ಟು ಬೇಡ, ಆಡಿನ ಹಾಗೆ ಕೇಳ್ತದೆ.”

ಅಮ್ಮನಿಗೆ ಇಷ್ಟು ಖುಷಿಯಾದದ್ದನ್ನು ನಾನು ಬಹಳ ದಿನದಿಂದ ಕಂಡಿರಲಿಲ್ಲ. ಕಣ್ಣು ಹೋದಂದಿನಿಂದ ಅವಳಿಗೆ ಎಲ್ಲರೂ ಕೆಲಸ ಮಾಡಿಕೊಡುವವರು, ಕೆಲಸ ಕೊಡುವವರು ಯಾರೂ ಇಲ್ಲ. ಚಿಕ್ಕಮ್ಮ ನಡುವೆ ಬಾಯಿ ಹಾಕಿದರೆ “ನಿನ್ನ ತುಳು ಸರಿ ಇಲ್ಲ, ನೀನು ಮಾತಾಡದೆ ಕೂತ್ಕೋ” ಎಂದು ಗದರಿಸುತ್ತಿದ್ದಳು. ಉಣ್ಣುವುದು, ಮಲಗುವುದು, ನೋಡುವುದು, ಬಯ್ಯುವುದು, ಒಂದೊಂದಾಗಿ ನನ್ನದಾಗುತ್ತಾ ಬಂತು. ‘ಬರ್ಪೆ’ಯನ್ನು ಮಾತ್ರ ನಾನು ಮುಂದೆ ಮುಂದೆ ಹಾಕುತ್ತಿದ್ದೆ. ಅಮ್ಮನೂ ಅದನ್ನು ಕೇಳಲಿಲ್ಲ.

ಕಾಲೇಜು ಮತ್ತೆ ಶುರುವಾಗುವ ಮೊದಲು ಒಂದು ಬೆಳಗ್ಗೆ ಅದನ್ನೂ ಮಾಡಿ ಮುಗಿಸುವ ಎಂದು ಕುಳಿತೆ. ಎರಡು ಬಗೆಯಲ್ಲೂ ಕಲಿಸಿದೆ. ಫೋನ್ ಮಾಡಿ, ಪೀಠಿಕೆ ಇಲ್ಲದೆ ಮೊದಲನೆಯದನ್ನು ಒತ್ತಿದೆ.

“ಬಾಯಿ ಅಗಲ ಉಂಟು,” ಎಂದಳು ಅಮ್ಮ ಕೂಡಲೇ. “ಇದು ನೀನು.”

ಎರಡನೆಯದನ್ನು ಒತ್ತಿದೆ. ಈ ಸಲ ಉತ್ತರ ಬರಲು ಸ್ವಲ್ಪ ಹೊತ್ತು ಹಿಡಿಯಿತು.

“ಇದು ಅವನು.”

ಸರಿ ಇದೆಯೇ ಎಂದು ಕೇಳಿಸಿದೆ.

“ಸರಿ ಉಂಟು. ಎರಡನೆಯದ್ದು ಇನ್ನೊಮ್ಮೆ ಹೇಳಿಸು.”

ಎಲ್ಲೋ ತಪ್ಪಿದೆ, ತಿದ್ದಲು ಕೇಳುತ್ತಿದ್ದಾಳೆ ಎಂದುಕೊಂಡು ಒತ್ತಿದೆ. ಅವನು ಬರುತ್ತಾನೆ.

“ಇನ್ನೊಮ್ಮೆ,” ಎಂದಳು ಅಮ್ಮ.

ಆಗ ನನಗೆ ಗೊತ್ತಾಯಿತು, ಅವಳು ತಿದ್ದುತ್ತಿಲ್ಲ. ಕೋಪ ಬರಬೇಕಿತ್ತು, ಬಂತು ಕೂಡ. ಇಷ್ಟೆಲ್ಲ ಒದ್ದಾಡಿ, ಊರೂರು ಅಲೆದು, ಪೆಟ್ಟಿಗೆ ಹೊತ್ತು ತಂದು ನಾನು ಗಳಿಸಿದ್ದು ನನ್ನ ‘ನಾನು’ವನ್ನು. ಅವಳಿಗೆ ಬೇಕಾದದ್ದು ಇನ್ನೊಂದು. ಬೆರಳನ್ನು ಕೀಲಿಯ ಮೇಲಿಂದ ತೆಗೆದೆ. ಫೋನಿನಲ್ಲಿ ಅಮ್ಮನ ಉಸಿರು ಕೇಳಿಸುತ್ತಿತ್ತು. ಕಾಯುತ್ತಿದ್ದಳು. ಸ್ವರ ಹೋದಾಗ, ಒಂದೇ ಒಂದು ಮಾತು ಬಾಯಿಂದ ಬರಲಿ ಎಂದು ನಾನು ಆಸ್ಪತ್ರೆಯ ಹಾಸಿಗೆಯಲ್ಲಿ ಎಷ್ಟು ಕಾದಿದ್ದೆ ಎಂಬುದು ನನಗೆ ಗೊತ್ತು. ಬೆರಳನ್ನು ಮತ್ತೆ ಇಟ್ಟೆ, ಒತ್ತಿದೆ. ಅವಳು ಕೇಳುವ ಮೊದಲೇ ಇನ್ನೊಮ್ಮೆ ಒತ್ತಿದೆ.

“ಸಾಕು,” ಎಂದಳು ಅಮ್ಮ. ಮೂಗು ಒರೆಸಿಕೊಂಡ ಸದ್ದಾಯಿತು. “ಕೇಳ್ಲಿಕ್ಕೆ ಅವನದ್ದೂ ಚಂದ ಉಂಟು. ಬರುವವಳು ನೀನು. ಯಾವಾಗ ಬರ್ತೀ?”

ನಾಳೆ ಬರುತ್ತೇನೆ ಎಂದು ಟೈಪ್ ಮಾಡಿ, ಕೊನೆಗೆ ಇನ್ನೊಂದು ಎ ಸೇರಿಸಿ ಒತ್ತಿದೆ. ಈ ಸಲ ಅಮ್ಮ ‘ಸತ್ಯವಾ’ ಎಂದು ಕೇಳಲಿಲ್ಲ, ಮೊಟ್ಟೆ ಬೇಯಿಸಲು ಚಿಕ್ಕಮ್ಮನಿಗೆ ಹೇಳುತ್ತಾ ಫೋನ್ ಇಟ್ಟಳು.